ಪೆನ್ಸಿಲ್ ತೂರಿದಲ್ಲಿ ಇಲಿಯೂ ತೂರುತ್ತದೆ: ಮನೆಗೆ ಇಲಿ ಬಾರದಂತೆ ಮಾಡುವ ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದಿನ ಕಾರ್ತಿಕ. ಬೆಳಿಗ್ಗೆ ಮಗ್ಗದ ಕುಣಿಗೆ (ನೇಯುವವರು ಕಾಲು ಇಳಿಬಿಟ್ಟು ಕೂರುವ ತಗ್ಗು) ಇಳಿದ ಅಪ್ಪ ಹಾಗೆಯೇ ಮೇಲೆದ್ದು ಬಂದರು, ಏನೂ ಮಾತಾಡಲಿಲ್ಲ. ನಾನು ಹೋಗಿ ನೋಡಿದೆ. ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ, ಎಡಬದಿಗೆ ಅಂಗೈಯಗಲ ಜಾಗದಲ್ಲಿ ಎಳೆಗಳೆಲ್ಲ ತುಂಡಾಗಿ ಜೋತುಬಿದ್ದಿದ್ದವು. ಕತ್ತರಿ ಆಡಿಸಿದ ಹಾಗೆ ನೀಟಾಗಿ ಅಲ್ಲ, ತುದಿಗಳೆಲ್ಲ ಅಗಿದು ಉಗುಳಿದ ನಾರಿನ ಹಾಗೆ. ಕುಣಿಯ ಮೂಲೆಯಲ್ಲಿ ಜೀರಿಗೆಯಂಥ ಕರಿ ಹಿಕ್ಕೆ. ಅವ್ವ ಎರಡು ದಿನ ಕೂತು ಒಂದೊಂದೇ ಎಳೆ ಹುಡುಕಿ ಜೋಡಿಸಿದಳು. ಆ ಎರಡು ದಿನ ಮಗ್ಗ ನಿಂತಿತು, ಕೂಲಿಯೂ ನಿಂತಿತು.

ಬಾಗಲಕೋಟೆ ಜಿಲ್ಲೆಯ ನಮ್ಮ ರಬಕವಿ-ಬನಹಟ್ಟಿಯ ನೇಕಾರ ಮನೆಗಳಿಗೆ ಇದು ಹೊಸದಲ್ಲ. ಹಾಸಿನ ನೂಲಿಗೆ ಗಂಜಿ ಕೊಟ್ಟಿರುತ್ತೇವೆ. ನಮಗೆ ಅದು ನೂಲು, ಇಲಿಗೆ ಅದು ಊಟ, ಮೇಲೆ ಗೂಡಿಗೆ ಬೇಕಾದ ಮೆತ್ತನೆಯ ಹಾಸಿಗೆ. ಊರ ಸುತ್ತ ಕಬ್ಬು. ಕಬ್ಬಿನ ಕಟಾವು ಶುರುವಾದ ಕೂಡಲೇ ಅಲ್ಲಿ ಬೀಡುಬಿಟ್ಟಿದ್ದ ಇಲಿ, ಹೆಗ್ಗಣ ಎಲ್ಲ ಹತ್ತಿರದ ಮನೆಯ ಗೋಡೆ ಹಿಡಿದು ಬರುತ್ತವೆ.

ಆಗ ನಾವು ಮಾಡಿದ ಕೆಲಸವೇ ತಪ್ಪು. ಅಂಗಡಿಯಿಂದ ಪಾಷಾಣ ತಂದು ಸಂದುಗೊಂದಿಯಲ್ಲಿ ಇಟ್ಟೆವು. ಒಂದು ಇಲಿ ಗೋಡೆಯೊಳಗೇ ಸತ್ತು ಹತ್ತು ದಿನ ಪಡಸಾಲೆಯಲ್ಲಿ ಕೂರಲಾಗಲಿಲ್ಲ. ಸತ್ತ ಇನ್ನೊಂದನ್ನು ತಿಂದ ನಮ್ಮ ಬೆಕ್ಕೂ ಹೋಯಿತು. ತಿಂಗಳೊಳಗೆ ಮತ್ತೆ ಹೊಸ ಇಲಿಗಳು ಬಂದವು, ಯಾಕೆಂದರೆ ಅವು ಬಂದ ತೂತು ಹಾಗೇ ಇತ್ತು. ಆಯಿ (ನಮ್ಮಜ್ಜಿ) ಆವತ್ತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಇಲಿ ಎಣಸಬ್ಯಾಡೋ ತಮ್ಮಾ, ತೂತ ಎಣಸು."

ಆಮೇಲೆ ತೂತು ಎಣಿಸಿದೆವು. ಮೂವತ್ತೊಂದು ಸಿಕ್ಕವು. ಅವುಗಳನ್ನು ಹುಡುಕಿದ್ದು, ಮುಚ್ಚಿದ್ದು ಹೇಗೆ ಎಂಬುದನ್ನೇ ಇಲ್ಲಿ ಬರೆದಿದ್ದೇನೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೆಲಸದ ಕ್ರಮ: ಮೊದಲು ಗುರುತು, ಆಮೇಲೆ ಊಟ ತಪ್ಪಿಸುವುದು, ಆಮೇಲೆ ಮುಚ್ಚುವುದು, ಒಳಗೆ ಉಳಿದದ್ದನ್ನು ಹಿಡಿಯುವುದು ಕೊನೆಗೆ.

ಬಂದದ್ದು ಯಾವುದು?

ಎಲ್ಲವನ್ನೂ ಇಲಿ ಎಂದುಬಿಡುತ್ತೇವೆ. ಆದರೆ ಮನೆಗೆ ಬರುವವು ಮೂರು ಜಾತಿ, ಮೂರಕ್ಕೂ ಉಪಾಯ ಬೇರೆ.

ಚಿಟ್ಟಿಲಿ ಚಿಕ್ಕದು, ಹೆಬ್ಬೆರಳಿನಷ್ಟು ಮೈ. ಹಿಕ್ಕೆ 3ರಿಂದ 6 ಮಿ.ಮೀ., ಎರಡೂ ತುದಿ ಚೂಪು. ಒಂದೇ ಚಿಟ್ಟಿಲಿ ದಿನಕ್ಕೆ ಐವತ್ತಕ್ಕೂ ಹೆಚ್ಚು ಹಿಕ್ಕೆ ಹಾಕುತ್ತದೆ, ಆದ್ದರಿಂದ ಹಿಕ್ಕೆ ಕಂಡು ಮನೆ ತುಂಬ ಇಲಿ ಎಂದು ಗಾಬರಿಯಾಗಬೇಡಿ. ಆದರೆ ತಡವನ್ನೂ ಮಾಡಬೇಡಿ. ಗರ್ಭ ಮೂರೇ ವಾರ, ಸಲಕ್ಕೆ ಐದಾರು ಮರಿ, ವರ್ಷಕ್ಕೆ ಐದರಿಂದ ಹತ್ತು ಸಲ ಹಾಕುತ್ತದೆ. ಇದು 6 ಮಿ.ಮೀ. ಸಂದಿನಲ್ಲೂ ನುಸುಳಬಲ್ಲದು. ಪೆನ್ಸಿಲ್ಲಿನ ದಪ್ಪ ಸುಮಾರು 7 ಮಿ.ಮೀ. ಹಾಗಾಗಿ ಪೆನ್ಸಿಲ್ ತೂರುವ ಸಂದೆಲ್ಲ ಚಿಟ್ಟಿಲಿಗೆ ಬಾಗಿಲು.

ಮನೆ ಇಲಿ ದೊಡ್ಡದು, ಬಾಲ ಮೈಗಿಂತ ಉದ್ದ. ಹತ್ತುವುದರಲ್ಲಿ ಇದನ್ನು ಮೀರಿಸುವವರಿಲ್ಲ. ತೊಲೆ, ಜಂತಿ, ಅಟ್ಟ, ವೈರು ಇದರ ಹಾದಿ. ಹಿಕ್ಕೆ ಸುಮಾರು 12 ಮಿ.ಮೀ.

ಹೆಗ್ಗಣ ಹತ್ತುವುದಕ್ಕಿಂತ ಅಗೆಯುವುದರಲ್ಲಿ ಗಟ್ಟಿ. ಪಾಯದ ಪಕ್ಕ, ಬಚ್ಚಲ ಹಿಂದೆ, ಗಟಾರದ ದಂಡೆಯಲ್ಲಿ ಬಿಲದ ಬಾಯಿಗೆ ಹೊಸ ಮಣ್ಣಿನ ಗುಡ್ಡೆ ಕಂಡರೆ ಅದು ಹೆಗ್ಗಣವೇ.

ನಾಲ್ಕನೆಯದೊಂದಿದೆ, ಅದನ್ನು ದಯವಿಟ್ಟು ಬಿಟ್ಟುಬಿಡಿ. ಉದ್ದ ಮೂತಿಯ, ಗೋಡೆಗುಂಟ ಚಿಂವ್ ಚಿಂವ್ ಎನ್ನುತ್ತ ಓಡುವ, ವಾಸನೆ ಬಡಿಯುವ ಸೊಂಡಿಲಿ. ಹೆಸರಿಗೆ ಮಾತ್ರ ಇಲಿ. ನಮ್ಮ ನೂಲು ಅದಕ್ಕೆ ಬೇಡ, ಅದು ಜೊಂಡಿಗ ಮತ್ತು ಹುಳ ತಿಂದು ಬದುಕುತ್ತದೆ.

ಬೂದಿ ಚೆಲ್ಲಿ ದಾರಿ ಹಿಡಿಯುವುದು

ರಾತ್ರಿ ಮಲಗುವ ಮುಂಚೆ ಒಲೆಯ ಬೂದಿಯನ್ನು ಜರಡಿ ಹಿಡಿದು, ಗೋಡೆಯ ಬುಡದಗುಂಟ ನಾಲ್ಕು ಬೆರಳು ಅಗಲಕ್ಕೆ ತೆಳ್ಳಗೆ ಉದುರಿಸಿ. ಬೂದಿ ಇಲ್ಲದ ಮನೆಯಲ್ಲಿ ರಂಗೋಲಿ ಪುಡಿ ಸಾಕು. ಇಲಿ ಬಯಲಲ್ಲಿ ಓಡುವುದಿಲ್ಲ, ಮೀಸೆಯಿಂದ ಗೋಡೆ ಮುಟ್ಟುತ್ತಲೇ ಓಡುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಬ್ಯಾಟರಿಯನ್ನು ನೆಲಕ್ಕೆ ಒರಗಿಸಿ ಓರೆಯಾಗಿ ಬೆಳಕು ಬಿಡಿ. ಬೆರಳುಗಳ ಚುಕ್ಕೆ, ನಡುವೆ ಬಾಲ ಎಳೆದ ಗೆರೆ ಎದ್ದು ಕಾಣುತ್ತದೆ. ಆ ಗೆರೆ ಹಿಡಿದು ಹೋದರೆ ಒಂದು ಕಡೆ ತೂತು, ಇನ್ನೊಂದು ಕಡೆ ಊಟ.

ನಮ್ಮಲ್ಲಿ ಗೆರೆ ಮಗ್ಗದ ಕುಣಿಯಿಂದ ಹೊರಟು, ಗಾದಿ ಕೌದಿ ಒಟ್ಟುವ ಮೂಲೆ ಸುತ್ತಿ, ಬಚ್ಚಲ ಮೋರಿಗೆ ಹೋಗಿ ನಿಂತಿತ್ತು. ಕೌದಿ ಬಿಚ್ಚಿದರೆ ಒಳಗೆ ನಮ್ಮದೇ ಕೆಂಪು ನೂಲಿನ ಗೂಡು.

ಹಳೇ ಬಿಲ ಯಾವುದು, ಓಡಾಟವಿರುವುದು ಯಾವುದು ಎಂದು ತಿಳಿಯಲು ಪ್ರತಿ ಬಾಯಿಗೂ ಕಾಗದ ಉಂಡೆ ಮಾಡಿ ತುರುಕಿ. ಮರುದಿನ ಕಾಗದ ಹೊರಗೆ ಬಿದ್ದಿದ್ದರೆ ಅಲ್ಲಿ ಜೀವವಿದೆ. ಗೋಡೆಗೆ, ತೊಲೆಗೆ ಕಪ್ಪು ಜಿಡ್ಡು ಅಂಟಿದ್ದರೆ ಅದು ಇಲಿಯ ಮೈ ಉಜ್ಜಿ ಉಜ್ಜಿ ಆದ ಕಲೆ, ಅದೂ ಹಾದಿಯ ಗುರುತೇ.

ಕೊನೆಗೆ ಒಂದು ರಾತ್ರಿ ಒಳಗೆ ಎಲ್ಲ ದೀಪ ಹಚ್ಚಿ, ಬಾಗಿಲು ಕಿಟಕಿ ಮುಚ್ಚಿ, ಹೊರಗಿನಿಂದ ಮನೆಯ ಸುತ್ತ ಒಂದು ಸುತ್ತು ಬನ್ನಿ. ಬೆಳಕು ಸೋರುವ ಜಾಗಕ್ಕೆಲ್ಲ ಸುಣ್ಣದ ಗುರುತು ಹಾಕಿ. ಹಗಲಲ್ಲಿ ಪೆನ್ಸಿಲ್ ಹಿಡಿದು ಅದೇ ಸುತ್ತು ಇನ್ನೊಮ್ಮೆ.

ಊಟ ತಪ್ಪಿಸಿ

ಊಟ ಸಿಗುವ ಮನೆಯಲ್ಲಿ ಬೋನಿನ ತುಣುಕಿಗೆ ಯಾವ ಇಲಿಯೂ ಆಸೆಪಡುವುದಿಲ್ಲ. ಅದಕ್ಕೇ ಬೋನಿಗಿಂತ ಇದು ಮೊದಲು.

ಜೋಳ, ಗೋಧಿ, ಶೇಂಗಾ ಚೀಲಗಳನ್ನು ನೆಲದ ಮೇಲೆ ಗೋಡೆಗೆ ಆನಿಸಿ ಒಟ್ಟುವ ಪದ್ಧತಿ ಬಿಡಬೇಕು. ಒಂದೂವರೆ ಅಡಿ ಎತ್ತರದ ಹಲಗೆ ಹಾಕಿ, ಗೋಡೆಯಿಂದ ಒಂದಡಿ ದೂರ ಬಿಟ್ಟು ಒಟ್ಟಿ. ಹಿಂದೆ ಕೈದೀಪ ಹಿಡಿದು ನೋಡುವಷ್ಟು ಜಾಗವಿದ್ದರೆ ಇಲಿ ಅಲ್ಲಿ ಗೂಡು ಕಟ್ಟುವುದಿಲ್ಲ. ಸಾಧ್ಯವಾದರೆ ತಗಡಿನ ಕಣಜ ಕೊಳ್ಳಿ. ಇದೊಂದಕ್ಕೆ ಹಣ ಹಾಕಿದ್ದಕ್ಕೆ ನಾನು ಯಾವತ್ತೂ ಪಶ್ಚಾತ್ತಾಪಪಟ್ಟಿಲ್ಲ. ಪ್ಲಾಸ್ಟಿಕ್ ಬ್ಯಾರೆಲ್ಲನ್ನು ಇಲಿ ಕೊರೆಯುತ್ತದೆ. ಅದರ ಬಾಚಿಹಲ್ಲು ಜೀವವಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದಿದ್ದರೆ ಅದಕ್ಕೇ ಕಷ್ಟ.

ಹಳಬರಿಗೆ ಇದೆಲ್ಲ ಗೊತ್ತಿತ್ತು. ಹಾಲು ಬೆಣ್ಣೆಯ ಗಡಿಗೆಯನ್ನು ನೆಲುವಿಗೆ ತೂಗುಬಿಡುತ್ತಿದ್ದರು. ವಿಜಯಪುರ ಕಡೆ ಜೋಳವನ್ನು ನೆಲದೊಳಗಿನ ಹಗೇವಿಗೆ ಹಾಕಿ ಬಾಯಿ ಕಲ್ಲಿನಿಂದ ಮುಚ್ಚಿ ಮಣ್ಣು ಮೆತ್ತುತ್ತಿದ್ದರು.

ಮರೆತುಹೋಗುವ ಊಟಗಳು ಕೆಲವಿವೆ: ದನಕ್ಕೆ ತಂದ ಹಿಂಡಿ ಚೀಲ, ರಾತ್ರಿ ಬಿಟ್ಟ ಮುಸುರೆ, ದೇವರ ಮುಂದಿನ ಬಾಳೆಹಣ್ಣು ಮತ್ತು ಎಣ್ಣೆಬತ್ತಿ. ಉರಿಯುವ ಬತ್ತಿಯನ್ನು ಇಲಿ ಎಳೆದೊಯ್ದರೆ ನೂಲಿರುವ ಮನೆಗೆ ಬೆಂಕಿ. ಮಲಗುವ ಮುಂಚೆ ದೀಪ ಶಾಂತ ಮಾಡಿ ಹಣತೆ ಒರೆಸಿಡಿ. ನೇಕಾರರಿಗೆ ಇನ್ನೊಂದು ಮಾತು: ಉಳಿದ ಗಂಜಿ ಪಾತ್ರೆ ರಾತ್ರಿ ಹೊರಗೆ ಬಿಡಬೇಡಿ, ಹಾಸಿನ ಸುರುಳಿಯನ್ನು ಬರೀ ನೆಲದ ಮೇಲೆ ಇಡಬೇಡಿ. ನೇಯ್ದ ಸೀರೆ ತಗಡಿನ ಟ್ರಂಕಿನಲ್ಲಿರಲಿ.

ಹೊರಗೆ ಕಣಕಿ ಬಣವಿ, ಕುಳ್ಳು, ಕಟ್ಟಿಗೆ ಯಾವುದೂ ಗೋಡೆಗೆ ತಾಗಬಾರದು.

ಮುಚ್ಚುವ ಕೆಲಸ

ಇದೇ ಕೆಲಸದ ಬೆನ್ನೆಲುಬು. ಎರಡು ದಿನ ಬೇಕು, ಗೌಂಡಿ ಸಿಕ್ಕರೆ ಒಂದೇ ದಿನ.

ಏನು ಹಾಕಬಾರದು ಎಂಬುದನ್ನು ಮೊದಲು ತಿಳಿಯಿರಿ. ಬಟ್ಟೆ ಚಿಂದಿ, ಕಾಗದ, ಥರ್ಮೋಕೋಲ್, ಕಟ್ಟಿಗೆ ತುಂಡು, ಫೋಮ್ ಸ್ಪ್ರೇ ಯಾವುದೂ ನಿಲ್ಲುವುದಿಲ್ಲ, ಒಂದೇ ರಾತ್ರಿಯಲ್ಲಿ ಕೊರೆದು ಹಾಕುತ್ತದೆ. ನಿಲ್ಲುವುದು ಸಿಮೆಂಟು, ಕಲ್ಲು, ಗಾಜಿನ ಚೂರು, ಕಬ್ಬಿಣದ ಜಾಳಿಗೆ, ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು.

ಗೋಡೆಯ ಸಣ್ಣ ತೂತಿಗೆ ಸ್ಟೀಲಿನ ಜುಂಗನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಒತ್ತಿ ತುಂಬಿ. ಬೆರಳಿಟ್ಟು ಎಳೆದರೆ ಬರಬಾರದು. ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕು ಕಲಸಿ ಮೆತ್ತಿ. ನಲ್ಲಿ ಪೈಪು, ಕರೆಂಟ್ ವೈರು, ಗ್ಯಾಸಿನ ಕೊಳವೆ ಗೋಡೆ ದಾಟುವ ಕಡೆ ಸುತ್ತಲೂ ಉಳಿಯುವ ಉಂಗುರದಂಥ ಸಂದಿಗೂ ಇದೇ ಮದ್ದು. ನಮ್ಮ ಮೂವತ್ತೊಂದರಲ್ಲಿ ಹನ್ನೊಂದು ಇಂಥ ಪೈಪಿನ ಸುತ್ತಲೇ ಇದ್ದವು. ಕಣ್ಣಿಗೆ ದಿನಾ ಬೀಳುತ್ತಿದ್ದರೂ ಯಾರೂ ಅವನ್ನು ತೂತು ಎಂದುಕೊಂಡಿರಲಿಲ್ಲ.

ದೊಡ್ಡ ಬಿಲಕ್ಕೆ ಮೊದಲು ಖಡಿ (ಜಲ್ಲಿಕಲ್ಲು) ಮತ್ತು ಗಾಜಿನ ಚೂರು ಜಡಿದು, ಆಮೇಲೆ ಸಿಮೆಂಟು. ಗಾಜು ಮುಟ್ಟುವಾಗ ದಪ್ಪ ಕೈಗವಸು ಹಾಕಿಕೊಳ್ಳಿ. ಮಕ್ಕಳು ಹತ್ತಿರ ಬರಬಾರದು.

ಮಣ್ಣಿನ ಗೋಡೆಗೆ ಸಿಮೆಂಟು ನೇರ ಹಿಡಿಯುವುದಿಲ್ಲ, ಒಣಗಿದ ಮೇಲೆ ಹಪ್ಪಳದಂತೆ ಕಳಚಿ ಬೀಳುತ್ತದೆ. ಸಡಿಲ ಮಣ್ಣೆಲ್ಲ ಕೆರೆದು ತೆಗೆದು, ನೀರು ಚಿಮುಕಿಸಿ, ಖಡಿ ಗಾಜು ತುಂಬಿ, ಅದರ ಮೇಲೆ ಕಾಲಿಂಚು ಕಣ್ಣಿನ ಜಾಳಿಗೆಯನ್ನು ಮೊಳೆ ಹೊಡೆದು ಬಿಗಿಯಿರಿ. ಜಾಳಿಗೆಯ ಮೇಲೆ ಗಿಲಾವು ಮಾಡಿದರೆ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಕಣ್ಣಿನ ಕೋಳಿಗೂಡಿನ ಜಾಳಿಗೆ ಬೇಡ.

ನಮ್ಮ ನೆಲದ ಗುಣವನ್ನೂ ಮರೆಯಬಾರದು. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿಬಿಡುತ್ತದೆ. ಪಾಯಕ್ಕೂ ನೆಲಕ್ಕೂ ನಡುವೆ ಚೈತ್ರ ವೈಶಾಖದಲ್ಲಿ ಬಿರುಕು ಬಿದ್ದು ಹೆಗ್ಗಣಕ್ಕೆ ಸಿದ್ಧ ಬಿಲವಾಗುತ್ತದೆ. ಹೆಗ್ಗಣದ ಕಾಟ ಜಾಸ್ತಿಯಿರುವ ಕಡೆ ಗೋಡೆಯಗುಂಟ ಒಂದಡಿ ಆಳ ಅಗೆದು, ಜಾಳಿಗೆಯನ್ನು ಗೋಡೆಗೆ ತಾಗಿಸಿ ಕೆಳಗಿಳಿಸಿ, ತಳದಲ್ಲಿ ಒಂದಡಿ ಹೊರಕ್ಕೆ ಮಡಚಿ ಹೂಳಿ. ಅಗೆಯುತ್ತ ಬಂದದ್ದು ಜಾಳಿಗೆಗೆ ತಾಗಿ ವಾಪಸ್ಸು ಹೋಗುತ್ತದೆ. ಮೇಲೆ ಫರಸಿ ಹಾಸಿದರೆ ಇನ್ನೂ ಒಳ್ಳೆಯದು.

ಬಾಗಿಲು. ಹಳೇ ತಲಬಾಗಿಲುಗಳ ಕೆಳಗಿನ ಮೂಲೆ ಸವೆದು ಹೊಸ್ತಿಲಿಗೂ ಕದಕ್ಕೂ ನಡುವೆ ಬೆರಳು ಹೋಗುವಷ್ಟು ಸಂದು ಇರುತ್ತದೆ. ಬಡಿಗ್ಯಾರರಿಂದ ಕದದ ಕೆಳಗೆ ತಗಡಿನ ಪಟ್ಟಿ ಹೊಡೆಸಿ, ಪೆನ್ಸಿಲ್ ಹೋಗದಷ್ಟು ಇಳಿಸಿ. ಬರೀ ರಬ್ಬರ್ ಪಟ್ಟಿಯನ್ನು ಇಲಿ ಕಡಿಯುತ್ತದೆ. ಸಂಜೆ ಹೊತ್ತು ಬಾಗಿಲು ಹಾರು ಹೊಡೆದು ಕಟ್ಟೆಗೆ ಕೂರುವುದು ನಮ್ಮ ರೂಢಿ, ಆದರೆ ಕತ್ತಲಾದ ಮೇಲೆ ಹಿತ್ತಲ ಬಾಗಿಲನ್ನಾದರೂ ಹಾಕಿ. ಅಲ್ಲಿಂದಲೇ ಹೆಚ್ಚು ಬರುತ್ತವೆ.

ಬಚ್ಚಲ ಮೋರಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಳಿ ಕೂರಿಸಿ, ವಾರಕ್ಕೊಮ್ಮೆ ತೆಗೆದು ತೊಳೆಯುವಂತಿರಲಿ. ಗಟಾರಕ್ಕೆ ಹೋಗುವ ಪೈಪಿನ ಹೊರಬಾಯಿಗೂ ಜಾಳಿಗೆ ಬೇಕು.

ಇನ್ನು ಮೇಲ್ಭಾಗ. ಪತ್ರಾಸಿನ ಮನೆಯಲ್ಲಿ ಗೋಡೆ ಮುಗಿದು ತಗಡು ಶುರುವಾಗುವಲ್ಲಿ ಪ್ರತಿ ಡುಬ್ಬದ ಕೆಳಗೂ ಒಂದು ಅರ್ಧಚಂದ್ರದ ತೂತು ಇರುತ್ತದೆ. ಏಣಿ ಹಾಕಿ, ಜಾಳಿಗೆ ಕತ್ತರಿಸಿ, ಒಂದೊಂದಕ್ಕೂ ತುರುಕಿ ಸಿಮೆಂಟು ಮೆತ್ತಿ. ಬೇಸರದ ಕೆಲಸವೇ, ಆದರೆ ಒಂದು ಬಿಟ್ಟರೂ ಮನೆ ಇಲಿಗೆ ಅದೇ ಸಾಕು. ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆಯಾದರೆ ಜಂತಿಗಳು ಗೋಡೆಗೆ ಸೇರುವ ಸಂದು ನೋಡಿ, ಬೆಳಕಿಂಡಿಗೆ ಜಾಳಿಗೆ ಬಿಗಿಯಿರಿ. ಮಾಳಿಗೆಗೆ ತಾಗುವ ನುಗ್ಗೆ, ಬೇವಿನ ಟೊಂಗೆಗಳನ್ನು ಕನಿಷ್ಠ ಒಂದು ಮೀಟರ್ ದೂರಕ್ಕೆ ಕಡಿಸಿ.

ಒಂದು ಎಚ್ಚರ: ಎಲ್ಲ ತೂತನ್ನೂ ಒಂದೇ ಸಲಕ್ಕೆ ಮುಚ್ಚಬೇಡಿ. ಬೂದಿಯಲ್ಲಿ ಹೆಚ್ಚು ಹೆಜ್ಜೆ ಕಂಡ ಒಂದೆರಡನ್ನು ಬಿಟ್ಟು ಉಳಿದದ್ದು ಮುಚ್ಚಿ, ಬಿಟ್ಟ ಬಾಯಿಗಳ ಪಕ್ಕದಲ್ಲೇ ಬೋನು ಇಡಿ. ಎಲ್ಲ ಮುಚ್ಚಿದರೆ ಒಳಗಿದ್ದವು ಸಿಕ್ಕಿಬಿದ್ದು ಬಾಗಿಲು, ನೂಲು ಎಲ್ಲ ಕೊರೆಯುತ್ತವೆ.

ಒಳಗೆ ಉಳಿದವನ್ನು ಹಿಡಿಯುವುದು

ಗಣಪತಿ ಕೂತ ಮರುದಿನ ನಮ್ಮ ನೇಕಾರ ಓಣಿಗಳಲ್ಲಿ ಇಲಿವಾರ. ಆವತ್ತು ಮಗ್ಗ ಮುಟ್ಟುವುದಿಲ್ಲ. ಇಲಿಗೆ ಎಡೆ ಹಿಡಿದು, ವರ್ಷಪೂರ್ತಿ ನಮ್ಮ ನೂಲು ಕಡಿಯಬೇಡಪ್ಪಾ ಎಂದು ಕೈಮುಗಿಯುತ್ತೇವೆ. ಹಾಗಾಗಿ ಕೊಲ್ಲುವ ಮಾತು ಬಂದಾಗ ನನಗೆ ಕೈ ಹಿಂದೆ ಬರುತ್ತದೆ. ಮನೆ ಸರಿಯಾಗಿ ಮುಚ್ಚಿದರೆ ಹಿಡಿಯಬೇಕಾದವು ನಾಲ್ಕೈದು ಉಳಿಯುತ್ತವೆ ಅಷ್ಟೇ.

ತಂತಿಯ ಬೋನು ಇಡುವುದಾದರೆ ಬಾಯಿ ಗೋಡೆಯಗುಂಟ ಇರಲಿ. ಚಟ್ಟನೆ ಬಡಿಯುವ ಸ್ಪ್ರಿಂಗ್ ಬೋನಾದರೆ ತಿನಿಸಿನ ತುದಿ ಗೋಡೆಗೆ ತಾಗುವಂತೆ ಅಡ್ಡಕ್ಕೆ ಇಡಿ. ಚಿಟ್ಟಿಲಿಗೆ ಎರಡು ಮೂರು ಮೀಟರಿಗೊಂದು ಬೇಕು. ಒಂದೇ ಬೋನು ತಂದು ಮೂಲೆಯಲ್ಲಿಟ್ಟು ಕಾಯುವುದರಿಂದ ಏನೂ ಆಗುವುದಿಲ್ಲ. ದೊಡ್ಡ ಇಲಿ ಹೊಸ ವಸ್ತು ಕಂಡರೆ ದಿನಗಟ್ಟಲೆ ದೂರವೇ ಇರುತ್ತದೆ. ಅದಕ್ಕೆ ಮೂರು ರಾತ್ರಿ ಬೋನನ್ನು ಕಟ್ಟದೆ, ಬರೀ ತಿನಿಸು ಇಟ್ಟು ಬಿಡಿ. ತಿಂದುಹೋಗಲಿ. ನಾಲ್ಕನೇ ರಾತ್ರಿ ಕಟ್ಟಿ.

ತಿನಿಸಿಗೆ ಸುಟ್ಟ ಒಣಕೊಬ್ಬರಿ, ಹುರಿದ ಶೇಂಗಾ, ಎಣ್ಣೆ ಜಿನುಗುವ ಭಜಿ ತುಣುಕು. ದಾರದಿಂದ ಕಟ್ಟಿ, ಇಲ್ಲವಾದರೆ ಬೋನು ಬೀಳುವ ಮುಂಚೆಯೇ ಎತ್ತಿಕೊಂಡು ಹೋಗುತ್ತದೆ. ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಶೇಂಗಾ ಜೊತೆ ಸುತ್ತಿದ ಗಂಜಿ ನೂಲಿನ ಎಳೆ.

ಬೋನನ್ನು ಬೆಳಿಗ್ಗೆ ಸಂಜೆ ನೋಡಲೇಬೇಕು. ಬಿಸಿಲಲ್ಲಿ ನೀರಿಲ್ಲದೆ ಯಾವ ಜೀವವನ್ನೂ ಬಿಡಬಾರದು. ಓಣಿಯ ಆಚೆ ಬಿಟ್ಟರೆ ಅದು ತಿರುಗಿ ಬರುತ್ತದೆ, ಇಲ್ಲವೇ ಪಕ್ಕದ ಮನೆ ಸೇರುತ್ತದೆ. ಅಂಟು ಹಲಗೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಇಲಿ ತಾಸುಗಟ್ಟಲೆ ಒದ್ದಾಡುತ್ತದೆ, ಹಲ್ಲಿ, ಗುಬ್ಬಿ, ಸೊಂಡಿಲಿಯೂ ಅಂಟಿ ಸಾಯುತ್ತವೆ. ಗೋಡೆಗೆ ಸಿಕ್ಕಿಸುವ ಶಬ್ದದ ಯಂತ್ರಕ್ಕೆ ಇಲಿ ಕೆಲವೇ ದಿನದಲ್ಲಿ ಒಗ್ಗಿಕೊಳ್ಳುತ್ತದೆ, ಆ ಹಣದಲ್ಲಿ ಜಾಳಿಗೆ ತನ್ನಿ.

ವಿಷದ ಬಗ್ಗೆ

ಮನೆಯೊಳಗೆ ಬೇಡ ಎಂದೇ ನನ್ನ ಮಾತು. ಆದರೂ ಜನ ತರುತ್ತಾರೆ, ಆದ್ದರಿಂದ ತಿಳಿದಿರಲಿ.

ಕರಿ ಪುಡಿಯಾಗಿ ಸಿಗುವ ಜಿಂಕ್ ಫಾಸ್ಫೈಡ್ ಹೊಟ್ಟೆಗೆ ಹೋದರೆ ಫಾಸ್ಫಿನ್ ಎಂಬ ವಿಷಗಾಳಿಯಾಗುತ್ತದೆ. ಹಳದಿ ರಂಜಕದ (ಫಾಸ್ಫರಸ್) ಪೇಸ್ಟು ಮನುಷ್ಯನ ಯಕೃತ್ತನ್ನೇ ಸುಡುತ್ತದೆ. ಇವೆರಡಕ್ಕೂ ಪ್ರತಿಮದ್ದಿಲ್ಲ. ರೊಟ್ಟಿಗೆ ಸವರಿಟ್ಟ ಪೇಸ್ಟನ್ನು ಮಗು ತಿಂದರೆ ಏನಾದೀತು ಎಂದು ಒಮ್ಮೆ ನೆನೆಯಿರಿ. ಬ್ರೋಮಡಯೋಲೋನ್ ಬಿಲ್ಲೆ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಇಲಿ ಸಾಯಲು ನಾಲ್ಕೈದು ದಿನ ಹಿಡಿಯುತ್ತದೆ. ಇದಕ್ಕೆ ಕೆ1 ಜೀವಸತ್ವ ಪ್ರತಿಮದ್ದು. ಆದರೂ ಸತ್ತ ಇಲಿ ತಿಂದ ಬೆಕ್ಕು, ಗೂಬೆಗೆ ಅಪಾಯ ತಪ್ಪಿದ್ದಲ್ಲ.

ಇನ್ನು ಕಾಳಿನ ಹುಳಕ್ಕೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಇಲಿ ಬಿಲಕ್ಕೆ ಹಾಕಿ ಅದೇ ಮನೆಯಲ್ಲಿ ಮಲಗುವವರಿದ್ದಾರೆ. ಗೋಡೆಯ ಸಂದಿನಿಂದ ಆ ಗಾಳಿ ಕೋಣೆಗೆ ಬರುತ್ತದೆ. ಮನೆ ಮಂದಿಯ ಜೀವ ಹೋಗುತ್ತದೆ. ಜನ ಇರುವ ಮನೆಗೆ ಅದನ್ನು ತರಲೇಬೇಡಿ.

ಯಾರಾದರೂ ವಿಷ ನುಂಗಿದ ಅನುಮಾನವಿದ್ದರೆ ವಾಂತಿ ಮಾಡಿಸುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಪೊಟ್ಟಣವನ್ನು ಜೊತೆಗೇ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ. ಮೈಯಲ್ಲಿ ಏನೂ ಕಾಣದಿದ್ದರೂ ಹೋಗಿ, ರಂಜಕದ ಪೇಸ್ಟಿನಲ್ಲಿ ಮೊದಲ ದಿನ ಚೆನ್ನಾಗಿದ್ದವರು ಮೂರನೇ ದಿನ ಬೀಳುತ್ತಾರೆ.

ಹಿಕ್ಕೆ ತೆಗೆಯುವ ರೀತಿ

ಒಣ ಹಿಕ್ಕೆಯನ್ನು ಕಸಬರಿಗೆಯಿಂದ ಗುಡಿಸಬೇಡಿ, ಧೂಳಾಗಿ ಮೂಗಿಗೆ ಹೋಗುತ್ತದೆ. ಕಿಟಕಿ ಬಾಗಿಲು ತೆರೆದು ಅರ್ಧ ತಾಸು ಬಿಡಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆ, ಉಚ್ಚೆಯ ಕಲೆಯ ಮೇಲೆ ಚಿಮುಕಿಸಿ, ಐದು ನಿಮಿಷದ ಮೇಲೆ ಹಳೇ ಬಟ್ಟೆಯಿಂದ ಒರೆಸಿ. ಕೈಗೆ ರಬ್ಬರ್ ಗವಸು ಇರಲಿ. ಇಲಿ ಜ್ವರದ ರೋಗಾಣು ಇಲಿಯ ಉಚ್ಚೆಯಲ್ಲಿರುತ್ತದೆ, ಒದ್ದೆ ನೆಲದಲ್ಲಿ ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ. ಇಲಿ ಓಡಾಡಿದ ಮನೆಯಲ್ಲಿ ಯಾರಿಗಾದರೂ ಜೋರು ಜ್ವರ, ಮೀನಖಂಡದ ನೋವು, ಕೆಂಗಣ್ಣು ಬಂದರೆ ವೈದ್ಯರಿಗೆ ಇಲಿಯ ವಿಷಯ ತಪ್ಪದೆ ಹೇಳಿ.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಅದರ ಮೈಮೇಲಿನ ಚಿಗಟಗಳು ಹೊಸ ಮೈ ಹುಡುಕುತ್ತವೆ. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದೆ ನಮ್ಮ ಸೀಮೆಗೂ ಹಬ್ಬಿದಾಗ, ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ವಿಷ ಇಡದೆಯೇ ಸಾಲಾಗಿ ಇಲಿ ಸಾಯತೊಡಗಿದರೆ ಇವತ್ತಿಗೂ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಬಿಡಿ ಇಲಿಯಾದರೆ ಎರಡಡಿ ಆಳಕ್ಕೆ ಹೂಳಿ.

ಇಲಿ ಇರುವ ಕಡೆ ಹಾವೂ ಬರುತ್ತದೆ. ನಾಗರಹಾವು ಮನೆ ಹೊಕ್ಕಿತು ಎನ್ನುವ ಮನೆಯಲ್ಲಿ ಹುಡುಕಿದರೆ ಹೆಚ್ಚಾಗಿ ಇಲಿಯ ಬಿಲ ಸಿಗುತ್ತದೆ.

ವರ್ಷದಲ್ಲಿ ಎರಡು ಸಲ

ಮಹಾನವಮಿಗೆ ಮನೆಯ ಸಾಮಾನೆಲ್ಲ ಹೊರಗೆ ಹಾಕಿ ಸಾರಿಸುತ್ತೇವಲ್ಲ, ಪೆನ್ಸಿಲ್ ಸುತ್ತು ಹಾಕಲು ಅದೇ ಸರಿಯಾದ ಹೊತ್ತು. ಕಬ್ಬಿನ ಕಟಾವು ಅದಾದ ಮೇಲೆ ಶುರು. ಎರಡನೆಯದು ಹೋಳಿಯ ಆಸುಪಾಸಿಗೆ, ಬಿಳಿಜೋಳದ ರಾಶಿ ಮುಗಿದು ಹೊಲ ಬರಿದಾಗಿ ಎರೆ ಬಿರುಕು ಬಿಡುವ ಮುಂಚೆ.

ನಮ್ಮ ಮನೆಯಲ್ಲಿ ಪೆನ್ಸಿಲ್ಲೊಂದನ್ನು ದಾರ ಕಟ್ಟಿ ಹಿತ್ತಲ ಬಾಗಿಲ ಮೊಳೆಗೆ ನೇತುಹಾಕಿದ್ದೇವೆ. ಸುತ್ತು ಮುಗಿದು ಕೊನೆಯ ತೂತು ಮುಚ್ಚಿದ ಮೇಲೆ ಹದಿನೈದು ರಾತ್ರಿ ಗೋಡೆಗುಂಟ ಬೂದಿ ಉದುರಿಸುವ ಕೆಲಸ ಅವ್ವನದು. ಹದಿನೈದೂ ಬೆಳಿಗ್ಗೆ ಬೂದಿ ಹಾಗೇ ಇದ್ದರೆ ಮನೆ ಮುಚ್ಚಿದೆ ಎಂದು ಲೆಕ್ಕ. ಒಂದೇ ಒಂದು ಬಾಲದ ಗೆರೆ ಕಂಡರೂ ಆ ಗೆರೆ ಹಿಡಿದು ಮತ್ತೆ ಹುಡುಕುತ್ತೇವೆ.